ಹಳೇ ಹತ್ತಿ ಗೋಡೌನು ಓಣಿಯವರ ಮನೆಯಾಗಬಹುದೇ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದವು. ಹಳೇ ದಾವಣಗೆರೆಯ ಓದುಗರೊಬ್ಬರು ಬೀಗ ಬಿದ್ದ ಗೋಡೌನಿನ ಬಗ್ಗೆ ಕೇಳಿದ್ದರು. ಅದೇ ಓಣಿಯ ಇನ್ನೂ ಮೂರ್ನಾಲ್ಕು ಜನ ತಮ್ಮ ತಮ್ಮ ಮಾತು ಸೇರಿಸಿ ಬರೆದಿದ್ದಾರೆ. ಚಿತ್ರದುರ್ಗದಿಂದಲೂ ಒಂದು ಪತ್ರ ಬಂದಿದೆ. ಹಾಗಾಗಿ ಈ ಸಂಚಿಕೆಯ ಅಂಕಣ ಪೂರ್ತಿ ಇದಕ್ಕೇ ಮೀಸಲು.

ಪ್ರಶ್ನೆ: ಸರ್, ನಮ್ಮ ಓಣಿಯ ತುದಿಯಲ್ಲಿ ಒಂದು ಹತ್ತಿ ಗೋಡೌನು ಇದೆ. ಮಿಲ್ಲುಗಳು ಜೋರಾಗಿ ನಡೆಯುತ್ತಿದ್ದ ಕಾಲದ್ದು. ಇಟ್ಟಿಗೆ ಗೋಡೆ, ಹೆಂಚಿನ ಮಾಡು, ಒಳಗೆ ಒಂದೂ ಕಂಬ ಇಲ್ಲದ ದೊಡ್ಡ ಹಾಲು, ಪಕ್ಕದಲ್ಲಿ ಹಳೇ ಗಾರೆ ತಾರಸಿಯ ಎರಡು ಕೋಣೆ. ಹದಿನೈದು ವರ್ಷದಿಂದ ಬೀಗ ಹಾಕಿದೆ. ಒಂದು ಸಾರ್ವಜನಿಕ ಸಂಸ್ಥೆಯ ಹೆಸರಿನಲ್ಲಿದೆ ಅನ್ನುತ್ತಾರೆ. ಅದನ್ನು ಎಲ್ಲರಿಗೂ ಉಪಯೋಗ ಆಗುವ ಸಮುದಾಯ ಕೇಂದ್ರ ಮಾಡಬೇಕು ಅಂತ ಇಪ್ಪತ್ತು ಜನ ಓಡಾಡುತ್ತಿದ್ದೇವೆ. ನೋಡಲು ಬಂದ ಎಂಜಿನಿಯರೊಬ್ಬರು ಹೊರಗಡೆ ಹತ್ತು ನಿಮಿಷ ನಿಂತು, "ಇದು ಇವತ್ತೋ ನಾಳೆಯೋ ಬೀಳುತ್ತೆ, ಕೆಡವಿ ಆರ್‌ಸಿಸಿ ಕಟ್ಟಿಕೊಳ್ಳಿ" ಅಂದು ಹೋದರು. ನಮಗೆ ಕೆಡವಲು ಮನಸ್ಸಿಲ್ಲ. ಏನು ಮಾಡಬೇಕು?

ಉತ್ತರ: ಮೊದಲು ಒಂದು ಮಾತು. ಹೊರಗೆ ನಿಂತು ಹತ್ತು ನಿಮಿಷ ನೋಡಿದರೆ ಯಾವ ಕಟ್ಟಡದ ಆಯುಷ್ಯವೂ ಗೊತ್ತಾಗುವುದಿಲ್ಲ. ಅದು ಬೀಳುತ್ತದೆ ಅಂತ ಹೇಳಲೂ ಆಗುವುದಿಲ್ಲ, ಗಟ್ಟಿಯಾಗಿದೆ ಅಂತ ಹೇಳಲೂ ಆಗುವುದಿಲ್ಲ. ಒಳಗೆ ಹೋಗಬೇಕು, ಮಾಡಿಗೆ ಏಣಿ ಹಾಕಬೇಕು, ಬುನಾದಿಯ ಪಕ್ಕ ಒಂದು ಗುಂಡಿ ತೆಗೆದು ನೋಡಬೇಕು.

ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲದಲ್ಲಿ ಕಟ್ಟಿದ ಗೋಡೌನುಗಳಿಗೆ ಒಂದು ಗುಣ ಇದೆ. ಅವನ್ನು ಭಾರಕ್ಕೆ ಅಂತಲೇ ಕಟ್ಟಿದ್ದು. ಒತ್ತಿ ಕಟ್ಟಿದ ಒಂದು ಹತ್ತಿ ಬೇಲು ಸುಮಾರು 170 ಕಿಲೋ ತೂಗುತ್ತದೆ. ಅಂಥವನ್ನು ಒಂದರ ಮೇಲೊಂದು ಪೇರಿಸಿಡುತ್ತಿದ್ದ ನೆಲ ಅದು. ಅಲ್ಲಿ ಐವತ್ತು ಜನ ಕುರ್ಚಿ ಹಾಕಿಕೊಂಡು ಕೂತರೆ ಆ ನೆಲಕ್ಕೆ ಏನೂ ಅನ್ನಿಸುವುದಿಲ್ಲ. ಗೋಡೆಯೂ ದಪ್ಪ ಇರುತ್ತದೆ, ಏಪ್ರಿಲ್ ಬಿಸಿಲಲ್ಲೂ ಒಳಗೆ ತಂಪು. ಕಂಬ ಇಲ್ಲದ ಹಾಲು ಬೇರೆ. ಇವತ್ತು ಹೊಸದಾಗಿ ಅಂಥ ಹಾಲು ಕಟ್ಟಲು ಹೋಗಿ ನೋಡಿ, ಅಂದಾಜು ಪಟ್ಟಿ ಕೈಗೆ ಬಂದಾಗ ನಿಮ್ಮ ಹತ್ತಿರ ಈಗಾಗಲೇ ಏನಿದೆ ಅನ್ನುವುದು ತಿಳಿಯುತ್ತದೆ.

ಇಂಥ ಕಟ್ಟಡಕ್ಕೆ ದೊಡ್ಡ ಶತ್ರು ನೀರು. ಒಂದು ಹೆಂಚು ಒಡೆದಿರುತ್ತದೆ, ಯಾರೂ ಹತ್ತಿ ಬದಲಿಸುವುದಿಲ್ಲ. ಅಲ್ಲಿಂದ ಸೋರಿ ಹೆಂಚು ಕೂರುವ ಮರದ ಪಟ್ಟಿ, ಅದೇ ರೀಪರು, ಕೊಳೆಯುತ್ತದೆ, ಆಮೇಲೆ ತೊಲೆಯ ತುದಿ, ಗೋಡೆಯೊಳಗೆ ಕೂತಿರುತ್ತದಲ್ಲ ಆ ತುದಿ, ಮೆತ್ತಗಾಗುತ್ತದೆ, ಅದರ ಹಿಂದೆ ಗೆದ್ದಲು ಬರುತ್ತದೆ. ಹದಿನೈದು ವರ್ಷದ ಬೀಗ ಅಂದರೆ ಹದಿನೈದು ಮಳೆಗಾಲ ಆಯಿತಲ್ಲ. ಇನ್ನೊಂದು ಕಡೆಯಿಂದಲೂ ನೀರು ಬರುತ್ತದೆ, ಅದನ್ನು ಯಾರೂ ಗಮನಿಸುವುದಿಲ್ಲ. ನಮ್ಮ ರಸ್ತೆಗಳಿಗೆ ಹಳೇ ಡಾಂಬರು ಕೀಳದೆ ಅದರ ಮೇಲೇ ಮತ್ತೆ ಮತ್ತೆ ಹಾಕುತ್ತಾರೆ. ರಸ್ತೆ ಏರುತ್ತಾ ಹೋಗುತ್ತದೆ, ಹಳೇ ಕಟ್ಟಡ ತಗ್ಗಿಗೆ ಬೀಳುತ್ತದೆ. ಆಗ ಚರಂಡಿ ನೀರು ಗೋಡೆಯ ಬುಡಕ್ಕೇ ನಿಲ್ಲುತ್ತದೆ. ನೀವು ಒಮ್ಮೆ ಹೋಗಿ ಗೋಡೆಯ ಬುಡಕ್ಕಿಂತ ರಸ್ತೆ ಎಷ್ಟು ಎತ್ತರ ಇದೆ ಅಂತ ಟೇಪು ಹಿಡಿದು ಅಳೆದು ನೋಡಿ.

ಈಗ ಮಾಡಬೇಕಾದ್ದು. ಹಳೇ ಕಟ್ಟಡಗಳಲ್ಲಿ ಕೆಲಸ ಮಾಡಿದ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರನ್ನು ಹುಡುಕಿ, ಬರವಣಿಗೆಯಲ್ಲಿ ವರದಿ ಕೊಡಲು ಹೇಳಿ. ನಿಮ್ಮ ಊರಲ್ಲೇ ಎಂಜಿನಿಯರಿಂಗ್ ಕಾಲೇಜುಗಳಿವೆ. ಸಿವಿಲ್ ವಿಭಾಗದ ಮೇಷ್ಟ್ರುಗಳನ್ನು ಕೇಳಿ, ವಿದ್ಯಾರ್ಥಿಗಳಿಗೂ ಒಳ್ಳೆಯ ಪಾಠ ಆಗುತ್ತದೆ. ವರದಿಯಲ್ಲಿ ಮಾಡು, ಗೋಡೆ, ಬುನಾದಿ, ತೇವ, ಬಿರುಕು, ಇವು ಬೇರೆ ಬೇರೆಯಾಗಿ ಇರಬೇಕು. ಬಿರುಕು ಅಂದ ತಕ್ಷಣ ಹೆದರಬೇಡಿ. ಬಿರುಕು ಹಳೆಯದೋ, ಈಗಲೂ ಬೆಳೆಯುತ್ತಿದೆಯೋ ಅನ್ನುವುದು ಮುಖ್ಯ. ಅದನ್ನು ಕಂಡುಹಿಡಿಯಲು ಹಳೇ ಉಪಾಯ ಒಂದಿದೆ. ಬಿರುಕಿನ ಮೇಲೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಇಟ್ಟು, ಎರಡೂ ತುದಿಗೆ ಗಾರೆ ಮೆತ್ತಿ, ಪಕ್ಕದಲ್ಲಿ ತಾರೀಖು ಬರೆಯಿರಿ. ಒಂದು ಮಳೆಗಾಲ ಬಿಡಿ. ಗಾಜು ಒಡೆದರೆ ಗೋಡೆ ಇನ್ನೂ ಅಲುಗಾಡುತ್ತಿದೆ ಅಂತ ಅರ್ಥ. ಒಡೆಯದಿದ್ದರೆ ಆ ಬಿರುಕು ಯಾವಾಗಲೋ ಆಗಿ ನಿಂತಿದೆ, ತುಂಬಿದರೆ ಆಯಿತು.

ಗಾರೆ ತಾರಸಿ ಇರುವ ಆ ಎರಡು ಕೋಣೆಗಳನ್ನು ಮಾತ್ರ ಜಾಸ್ತಿ ಹುಷಾರಾಗಿ ನೋಡಿಸಿ. ಆ ಕಾಲದಲ್ಲಿ ಮರದ ತೊಲೆ ಅಥವಾ ಕಬ್ಬಿಣದ ಕಂಬಿ ಇಟ್ಟು, ಅದರ ಮೇಲೆ ಚಿಕ್ಕ ಇಟ್ಟಿಗೆ ನಿಲ್ಲಿಸಿ ಸುಣ್ಣದಲ್ಲಿ ಕಟ್ಟಿ, ಮೇಲೆ ಇಟ್ಟಿಗೆ ಚೂರಿನ ಗಾರೆ ಬಡಿದು ಕೂರಿಸುತ್ತಿದ್ದರು. ಮದ್ರಾಸ್ ತಾರಸಿ ಅಂತ ಹೆಸರು. ಕೆಳಗಿರುವುದು ಕಬ್ಬಿಣ ಆಗಿದ್ದರೆ ನೀರಿಗೆ ತುಕ್ಕು ಹಿಡಿದು ಊದುತ್ತದೆ, ಊದಿದರೆ ಸುತ್ತಲಿನ ಇಟ್ಟಿಗೆಯನ್ನು ಸೀಳುತ್ತದೆ. ಮರ ಆಗಿದ್ದರೆ ಮೊಳೆಯಿಂದ ಚುಚ್ಚಿ ನೋಡಿದರೂ ಮೊದಲ ಅಂದಾಜು ಸಿಗುತ್ತದೆ. ವರದಿ ಕೈಗೆ ಬರುವ ತನಕ ಆ ಕೋಣೆಗಳ ಕೆಳಗೆ ಯಾರನ್ನೂ ಬಿಡಬೇಡಿ, ಮಕ್ಕಳು ಕ್ರಿಕೆಟ್ ಚೆಂಡು ತರಲು ಕೂಡ ಒಳಗೆ ಹೋಗಬಾರದು. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ಕು ಜನ ಸತ್ತರು. ನಾಲ್ಕು ವರ್ಷ ಬಿಟ್ಟು, 2016ರ ಆಗಸ್ಟ್‌ನಲ್ಲಿ, ಅದರ ಹತ್ತಿರದ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಬಿತ್ತು. ಆಮೇಲೆ ಕೆಡವಬೇಕೋ ಉಳಿಸಬೇಕೋ ಅಂತ ವರ್ಷಗಟ್ಟಲೆ ವಾದ, ಕೋರ್ಟು ಎಲ್ಲ ಆಯಿತು. ಉಳಿಸಬೇಕು ಅನ್ನುವವರು ಮೊದಲ ಮಳೆಗೆ ಮುಂಚೆ ಮಾಡಿನ ಮೇಲೆ ಇರಬೇಕು. ಹಳೇ ಕಟ್ಟಡದ ಮೇಲೆ ಪ್ರೀತಿ ಇದೆ ಅಂತ ಬಾಯಲ್ಲಿ ಹೇಳಿ, ಅದನ್ನು ಸೋರಲು ಬಿಟ್ಟರೆ ಕೊನೆಗೆ ಕೆಡವುವವರ ಮಾತೇ ನಿಜ ಆಗುತ್ತದೆ.

ಹಾಗಾಗಿ ಸಿಕ್ಕ ಮೊದಲ ದುಡ್ಡು ಮಾಡಿಗೆ. ಎರಡನೇದು ಚರಂಡಿಗೆ. ಬಣ್ಣ, ಕಮಾನು, ಬೋರ್ಡು, ಉದ್ಘಾಟನೆಯ ಕಲ್ಲು ಎಲ್ಲ ಕಟ್ಟಕಡೆಗೆ.

ಇನ್ನೊಂದು ವಿಷಯಕ್ಕೆ ಕೈಮುಗಿದು ಹೇಳುತ್ತೇನೆ, ಆ ಗೋಡೆಗೆ ಸಿಮೆಂಟು ಬಳಿಯಬೇಡಿ. ಸುಣ್ಣದ ಗೋಡೆ ಉಸಿರಾಡುತ್ತದೆ ಅಂತ ಹಳೇ ಮೇಸ್ತ್ರಿಗಳು ಹೇಳುತ್ತಿದ್ದರಲ್ಲ, ಅದು ಸುಮ್ನೆ ಆಡಿದ ಮಾತಲ್ಲ. ನೆಲದ ತೇವ ಇಟ್ಟಿಗೆಯಲ್ಲಿ ಮೇಲೇರಿ, ಸುಣ್ಣದ ಗಾರೆಯ ಮೂಲಕ ಆರಿ ಹೋಗುತ್ತದೆ. ಮೇಲೆ ಸಿಮೆಂಟು ಹಾಕಿದರೆ ಆ ತೇವಕ್ಕೆ ದಾರಿ ಇರುವುದಿಲ್ಲ. ಒಳಗೇ ಉಳಿದು ಇಟ್ಟಿಗೆ ಪುಡಿಯಾಗುತ್ತದೆ, ಉಪ್ಪು ಬಿಡುತ್ತದೆ, ಎರಡು ಮೂರು ವರ್ಷದಲ್ಲಿ ಆ ಸಿಮೆಂಟು ಹಲಗೆಯ ಹಾಗೆ ಕಳಚಿ ಬೀಳುತ್ತದೆ. ಬೀಳುವಾಗ ಹಳೇ ಇಟ್ಟಿಗೆಯ ಮುಖವನ್ನೂ ಕಿತ್ತುಕೊಂಡೇ ಬೀಳುತ್ತದೆ. ಸುಣ್ಣ, ಮರಳು, ಇಟ್ಟಿಗೆ ಪುಡಿ ಸೇರಿಸಿ ಗಾರೆ ಮಾಡುವವರು ನಮ್ಮ ಸೀಮೆಯಲ್ಲಿ ಇನ್ನೂ ಇದ್ದಾರೆ, ವಯಸ್ಸಾಗಿದೆ ಅಷ್ಟೇ. ಅಳಲೆಕಾಯಿ ನೆನೆಸಿದ ನೀರು, ಬೆಲ್ಲದ ನೀರು ಹಾಕಿ ಸುಣ್ಣ ಹದ ಮಾಡುವುದು ಅವರಿಗೆ ಗೊತ್ತು. ಅವರ ಜೊತೆ ಇಬ್ಬರು ಹುಡುಗರನ್ನು ಹಾಕಿ ಕಲಿಸಿ. ಸುಣ್ಣಕ್ಕೆ ತಾಳ್ಮೆ ಬೇಕು. ಅದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುವ ವಸ್ತು, ಒಂದೇ ದಿನದಲ್ಲಿ ಆಗಲ್ಲ. ಅಂದಾಜು ಪಟ್ಟಿಯಲ್ಲೇ "ಸುಣ್ಣದ ಗಾರೆ" ಅಂತ ಬರೆಸಿ. ಬರೆಸದಿದ್ದರೆ ಗುತ್ತಿಗೆದಾರರು ತಮಗೆ ಗೊತ್ತಿರುವ ಸಿಮೆಂಟನ್ನೇ ತಂದು ಸುರಿಯುತ್ತಾರೆ.

ಪರೀಕ್ಷೆ ಆದಮೇಲೆ ಕೆಲವು ಭಾಗ ನಿಜವಾಗಿಯೂ ಉಳಿಯುವುದಿಲ್ಲ ಅಂತ ಬಂದರೆ ಅದನ್ನು ಒಪ್ಪಿಕೊಳ್ಳಿ. ಹಾಲು ಉಳಿಸಿ, ಆ ಎರಡು ಕೋಣೆ ಹೊಸದಾಗಿ ಕಟ್ಟಿದರೂ ತಪ್ಪೇನಿಲ್ಲ. ಬೆಂಗಳೂರಿನ ಹಳೇ ಸೆಂಟ್ರಲ್ ಜೈಲು 2008ರಲ್ಲಿ ಫ್ರೀಡಂ ಪಾರ್ಕ್ ಆದಾಗ ಎಲ್ಲವನ್ನೂ ಉಳಿಸಿಕೊಳ್ಳಲಿಲ್ಲ. ಕೆಲವು ಸೆಲ್ಲುಗಳು, ಕಾವಲು ಗೋಪುರ ಉಳಿದವು, ಉಳಿದ ಜಾಗ ಜನ ಸೇರುವ ಬಯಲಾಯಿತು. ಅಲ್ಲೇ ಅರಮನೆ ರಸ್ತೆಯ ಮಾಣಿಕ್ಯವೇಲು ಮಹಲು 2009ರಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಆದಾಗ ಮಹಲನ್ನು ಇಟ್ಟುಕೊಂಡು ಜೊತೆಗೆ ಹೊಸ ಭಾಗ ಕಟ್ಟಿದರು. ಹಳೆಯದು, ಹೊಸದು ಎರಡೂ ಪಕ್ಕಪಕ್ಕ ಇರಬಹುದು.

ಪ್ರಶ್ನೆ: ನಾನೂ ಅದೇ ಗುಂಪಿನವನು. ನಮ್ಮಲ್ಲಿ ಜಗಳ ಶುರುವಾಗಿದೆ. ಅರ್ಧ ಜನ ಮದುವೆ ಹಾಲು ಮಾಡೋಣ, ಬಾಡಿಗೆ ಬರುತ್ತೆ ಅಂತಾರೆ. ಇನ್ನರ್ಧ ಜನ ಗ್ರಂಥಾಲಯ ಬೇಕು ಅಂತಾರೆ. ಗ್ರಂಥಾಲಯದಿಂದ ಕರೆಂಟು ಬಿಲ್ಲು ಕಟ್ಟೋದು ಹೇಗೆ ಸರ್?

ಉತ್ತರ: ಈ ಜಗಳ ಒಳ್ಳೆಯದು, ಈಗಲೇ ಆಗಲಿ. ಕಟ್ಟಿ ಮುಗಿಸಿದ ಮೇಲೆ ಆಗುವುದಕ್ಕಿಂತ ವಾಸಿ.

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಮದುವೆ ಹಾಲೇ ಮುಖ್ಯ ಆಗಬಾರದು. ಎಷ್ಟೋ ಊರಲ್ಲಿ ಸಮುದಾಯ ಭವನ ಅಂತ ಹೆಸರಿಟ್ಟು ಕಟ್ಟಿದ್ದನ್ನು ನೋಡಿದ್ದೇನೆ. ಲಗ್ನದ ದಿನಗಳಲ್ಲಿ ಗಿಜಿಗಿಜಿ, ಉಳಿದ ದಿನ ಗೇಟಿಗೆ ಬೀಗ, ಒಳಗೆ ಪೇರಿಸಿಟ್ಟ ಪ್ಲಾಸ್ಟಿಕ್ ಕುರ್ಚಿ. ಓಣಿಯ ಅಜ್ಜಿ ಅಲ್ಲಿ ಹೋಗಿ ಅರ್ಧ ಗಂಟೆ ಕೂರಲು ಆಗಲ್ಲ. ಹದಿನೈದು ವರ್ಷದ ಬೀಗ ತೆಗೆಸಿ ಇನ್ನೊಂದು ಬೀಗ ಹಾಕಲಿಕ್ಕೆ ನೀವು ಓಡಾಡುತ್ತಿಲ್ಲ, ಅಲ್ವಾ?

ಬೆಳಿಗ್ಗೆಯಿಂದ ರಾತ್ರಿ ತನಕ ಯಾವ ಹೊತ್ತಿಗೆ ಯಾರು ಬರುತ್ತಾರೆ ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಬೆಳಿಗ್ಗೆ ಆರಕ್ಕೆ ಪೇಪರ್ ಓದುವ ಹಿರಿಯರು. ಹತ್ತು ಗಂಟೆಗೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು, ಇವರಿಗೆ ಬೇಕಾದ್ದು ಒಂದು ಮೇಜು, ಫ್ಯಾನು, ಸದ್ದಿಲ್ಲದ ಜಾಗ, ಮನೆಯಲ್ಲಿ ಅದು ಸಿಗುವುದಿಲ್ಲ. ಮಧ್ಯಾಹ್ನ ಸ್ತ್ರೀಶಕ್ತಿ ಸಂಘದ ಸಭೆ, ಹೊಲಿಗೆ. ಸಂಜೆ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರ ಮಕ್ಕಳಿಗೆ ಪಾಠ. ಭಟ್ಟಿಯ ಹೊಗೆಯಲ್ಲೇ ಬೆಳೆಯುವ ಆ ಮಕ್ಕಳಿಗೆ ಸಂಜೆ ಎರಡು ಗಂಟೆ ಒಳ್ಳೆಯ ಗಾಳಿ ಇರುವ ದೊಡ್ಡ ಹಾಲು ಸಿಕ್ಕರೆ ಅದೇ ದೊಡ್ಡ ಉಪಕಾರ. ರಾತ್ರಿ ಭಜನೆ, ನಾಟಕದ ತಾಲೀಮು. ತಿಂಗಳಿಗೊಮ್ಮೆ ಲಸಿಕೆ, ಕಣ್ಣಿನ ತಪಾಸಣೆ. ಪಿಂಚಣಿ, ರೇಷನ್ ಕಾರ್ಡಿನ ಅರ್ಜಿ ತುಂಬಿಕೊಡುವ ಒಂದು ಟೇಬಲ್ಲು ಇದ್ದರೆ ಜನ ತಾವೇ ಬರುತ್ತಾರೆ. ದಾವಣಗೆರೆ ಸಾಮಾನ್ಯ ಊರಲ್ಲ, ಮಿಲ್ ಕಾರ್ಮಿಕರ ಮುಖಂಡ ಪಂಪಾಪತಿ ಅವರನ್ನು ವಿಧಾನಸಭೆಗೆ ಕಳಿಸಿದ ಊರು. ಜನ ಕೂತು ಮಾತಾಡಿ ತೀರ್ಮಾನ ಮಾಡುವ ಅಭ್ಯಾಸ ಇಲ್ಲಿಗೆ ಹೊಸದಲ್ಲ. ಅದಕ್ಕೊಂದು ಜಾಗ ಬೇಕು.

ಇಷ್ಟೆಲ್ಲ ಆದಮೇಲೆ ಹಾಲು ಖಾಲಿ ಇರುವ ದಿನ ನಾಮಕರಣ, ಸೀಮಂತ, ಚಿಕ್ಕ ಆರತಕ್ಷತೆಗೆ ಬಾಡಿಗೆ ಕೊಡಿ. ಬೇಡ ಅನ್ನುತ್ತಿಲ್ಲ. ತಿಂಗಳಿಗೆ ಇಂತಿಷ್ಟೇ ದಿನ ಅಂತ ನಿಯಮದಲ್ಲಿ ಬರೆದಿಡಿ, ಓದುವ ಕೋಣೆ ಮಾತ್ರ ಯಾವ ಮದುವೆಗೂ ಮುಚ್ಚಬಾರದು.

ಗ್ರಂಥಾಲಯದ ಖರ್ಚಿನ ಮಾತಿಗೆ ಬಂದರೆ, ನಿಮ್ಮ ಆಸ್ತಿ ತೆರಿಗೆಯ ರಸೀದಿ ತೆಗೆದು ನೋಡಿ. ಅದರಲ್ಲಿ ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ತೆರಿಗೆಯ ಪ್ರತಿ ರೂಪಾಯಿಗೆ ಆರು ಪೈಸೆ ಗ್ರಂಥಾಲಯಕ್ಕೆ ಹೋಗಬೇಕು. ಆ ದುಡ್ಡು ನೀವೇ ಕೊಟ್ಟಿರುವುದು. ನಿಮ್ಮ ವಾರ್ಡಿನಿಂದ ಎಷ್ಟು ಸಂಗ್ರಹ ಆಯಿತು, ಗ್ರಂಥಾಲಯಕ್ಕೆ ಎಷ್ಟು ತಲುಪಿತು ಅಂತ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಕೇಳಿ, ಆಮೇಲೆ ಗ್ರಂಥಾಲಯ ಇಲಾಖೆಗೆ ಹೋಗಿ, "ಕೋಣೆ ನಾವು ಕೊಡುತ್ತೇವೆ, ಶಾಖೆ ನೀವು ತೆರೆಯಿರಿ" ಅಂತ ಮನವಿ ಕೊಡಿ. ಇಲಾಖೆಯ ಶಾಖೆ ಆದರೆ ಪುಸ್ತಕ, ಪೇಪರು, ನೋಡಿಕೊಳ್ಳುವ ಒಬ್ಬರು, ಇದೆಲ್ಲ ನಿಮ್ಮ ತಲೆಯಿಂದ ಇಳಿಯುತ್ತದೆ.

ಪ್ರಶ್ನೆ: ದುರಸ್ತಿಗೆ ದೊಡ್ಡ ದುಡ್ಡು ಎಲ್ಲಿಂದ ತರುವುದು? ಅಧಿಕಾರಿಯೊಬ್ಬರು ಬಾಯಿಮಾತಲ್ಲಿ "ಕೀ ತಗೊಳ್ಳಿ, ಶುರು ಮಾಡಿ" ಅಂದಿದ್ದಾರೆ.

ಉತ್ತರ: ಬಾಯಿಮಾತಿನ ಮೇಲೆ ಒಂದು ಇಟ್ಟಿಗೆಯನ್ನೂ ಮುಟ್ಟಬೇಡಿ. ಆ ಅಧಿಕಾರಿ ಒಳ್ಳೆಯವರೇ ಇರಬಹುದು, ಆದರೆ ನಾಳೆ ಅವರಿಗೆ ವರ್ಗ ಆದರೆ? ನನಗೆ ಗೊತ್ತಿರುವ ಒಂದು ಗುಂಪು ಹೀಗೇ ಬಾಯಿಮಾತು ನಂಬಿ, ತಮ್ಮ ಕೈಯಿಂದ ದುಡ್ಡು ಹಾಕಿ ಮಾಡು ಸರಿ ಮಾಡಿಸಿತು. ಮರು ವರ್ಷ ಬಂದ ಹೊಸಬರು ಬೀಗ ಬದಲಿಸಿದರು. ಆ ಹುಡುಗರು ಅತ್ತಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಮೊದಲು ಕಾಗದ. ಜಾಗದ ಖಾತೆ ಯಾರ ಹೆಸರಲ್ಲಿದೆ ನೋಡಿ. ಉಪ ನೋಂದಣಿ ಕಚೇರಿಯಿಂದ ಇಸಿ, ಅಂದರೆ ಋಣಭಾರ ಪತ್ರ, ತೆಗೆಸಿ, ಸರ್ವೆ ಸ್ಕೆಚ್ ಮಾಡಿಸಿ. "ಅನ್ನುತ್ತಾರೆ" ಅಂತ ಮೊದಲ ಪತ್ರದಲ್ಲಿ ಬರೆದಿದ್ದೀರಲ್ಲ, ಅದು ಸಾಲದು. ಆಮೇಲೆ ನಿಮ್ಮ ಗುಂಪನ್ನು ನೋಂದಾಯಿಸಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಏಳು ಜನ ಸೇರಿದರೆ ಸಂಘ ಆಗುತ್ತದೆ, ನೀವು ಇಪ್ಪತ್ತು ಜನ ಇದ್ದೀರಿ. ಆ ಏಳರಲ್ಲಿ ಹೆಂಗಸರು ಇರಲಿ, ಓಣಿಯ ಎಲ್ಲ ಕೇರಿಯವರು, ಎಲ್ಲ ಜಾತಿ ಧರ್ಮದವರು ಇರಲಿ. ಇಲ್ಲದಿದ್ದರೆ ಅದು ಊರಿನ ಕೇಂದ್ರ ಆಗಲ್ಲ, ಯಾರೋ ಕೆಲವರ ಕ್ಲಬ್ಬು ಆಗುತ್ತದೆ. ಆಮೇಲೆ ಕಟ್ಟಡದ ಮಾಲೀಕರಿಂದ ಲೀಸು ಬರೆಸಿಕೊಳ್ಳಿ. ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಲೀಸು ನೋಂದಣಿ ಆಗಲೇಬೇಕು, ಅದು ಕಾನೂನು. ನೀವು ಕೇಳುವಾಗ ಉದ್ದ ಅವಧಿಗೇ ಕೇಳಿ. ಕೈಯಲ್ಲಿ ಗಟ್ಟಿ ಲೀಸು ಇಲ್ಲದಿದ್ದರೆ ದುಡ್ಡು ಕೊಡುವವರು ಯಾರೂ ಮುಂದೆ ಬರುವುದಿಲ್ಲ.

ದುಡ್ಡಿನ ದಾರಿಗಳು ಇವೆ. ಶಾಸಕರು, ಸಂಸದರ ಪ್ರದೇಶಾಭಿವೃದ್ಧಿ ನಿಧಿ ಒಂದು. ಕಂಪನಿಗಳ ಸಿಎಸ್‌ಆರ್, ಅಂದರೆ ಸಾಮಾಜಿಕ ಹೊಣೆಗಾರಿಕೆಯ ದುಡ್ಡು, ಇನ್ನೊಂದು. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಕೊಡಬೇಕು. ಐತಿಹಾಸಿಕ ಮಹತ್ವದ ಕಟ್ಟಡಗಳ ದುರಸ್ತಿ, ಸಾರ್ವಜನಿಕ ಗ್ರಂಥಾಲಯ ಎರಡೂ ಆ ಪಟ್ಟಿಯಲ್ಲಿವೆ. ಆದರೆ 2021ರಿಂದ ಸಿಎಸ್‌ಆರ್ ದುಡ್ಡು ಪಡೆಯುವ ಸಂಸ್ಥೆ ಸಿಎಸ್‌ಆರ್-1 ನಮೂನೆಯಲ್ಲಿ ನೋಂದಣಿ ಆಗಿರಬೇಕು, ಅದನ್ನು ಮರೆಯಬೇಡಿ.

ಕಟ್ಟುವ ದುಡ್ಡು ಹೇಗೋ ಸಿಗುತ್ತದೆ. ಕಷ್ಟ ಇರುವುದು ತಿಂಗಳ ಖರ್ಚಿನಲ್ಲಿ. ಬೆಸ್ಕಾಂ ಬಿಲ್ಲು, ನೀರು, ಕಸ ಗುಡಿಸುವ ಅಕ್ಕನ ಸಂಬಳ, ಶೌಚಾಲಯದ ಫಿನೈಲು, ಒಡೆದ ಹೆಂಚು. ಉದ್ಘಾಟನೆಯ ದಿನ ಇದನ್ನು ಯಾರೂ ಕೇಳುವುದಿಲ್ಲ, ಮೂರನೇ ತಿಂಗಳು ಎಲ್ಲರೂ ಕೇಳುತ್ತಾರೆ. ಓಣಿಯ ಮನೆಮನೆಯಿಂದ ತಿಂಗಳಿಗೆ ಹತ್ತೋ ಇಪ್ಪತ್ತೋ ರೂಪಾಯಿ ಎತ್ತಿ ನೋಡಿ. ದುಡ್ಡಿಗಿಂತ ಜಾಸ್ತಿ, ಕೊಟ್ಟವರು ಬಂದು "ಫ್ಯಾನು ಯಾಕೆ ತಿರುಗುತ್ತಿಲ್ಲ" ಅಂತ ಕೇಳುತ್ತಾರೆ. ಆ ಕೇಳುವವರು ಬೇಕು. ಲೆಕ್ಕವನ್ನು ಪ್ರತಿ ತಿಂಗಳು ಗೋಡೆಗೆ ಅಂಟಿಸಿ.

ಪ್ರಶ್ನೆ: ಗೋಡೆಯ ಸಂದಿಯಲ್ಲಿ ಅರಳಿ ಗಿಡ ಬೆಳೆದಿದೆ. ಹುಡುಗರು ಹಗ್ಗ ಕಟ್ಟಿ ಎಳೆಯೋಣ ಅಂತಿದ್ದಾರೆ.

ಉತ್ತರ: ಬೇಡ, ದಯವಿಟ್ಟು ಬೇಡ. ಬೇರು ಇಟ್ಟಿಗೆಯ ಸಂದಿಯೊಳಗೆಲ್ಲ ಹೋಗಿರುತ್ತದೆ. ಎಳೆದರೆ ಗೋಡೆಯೇ ಜೊತೆಗೆ ಬರುತ್ತದೆ. ಮೇಲಿನ ಭಾಗ ಕತ್ತರಿಸಿ, ಉಳಿದ ಬುಡಕ್ಕೆ ಮತ್ತೆ ಚಿಗುರದ ಹಾಗೆ ಕಳೆನಾಶಕ ಹಚ್ಚಬೇಕು, ಬೇರು ಪೂರ್ತಿ ಒಣಗಿದ ಮೇಲೆ ಆ ಭಾಗದ ಇಟ್ಟಿಗೆ ಬಿಡಿಸಿ, ಬೇರು ತೆಗೆದು, ಸುಣ್ಣದ ಗಾರೆಯಲ್ಲಿ ಮತ್ತೆ ಕಟ್ಟಬೇಕು. ಗೊತ್ತಿರುವ ಮೇಸ್ತ್ರಿಯಿಂದಲೇ ಮಾಡಿಸಿ. ಅರಳಿ ಕಡಿಯಲು ಮನಸ್ಸು ಒಪ್ಪದಿದ್ದರೆ, ಮೈದಾನದ ಮೂಲೆಯಲ್ಲಿ ಕಟ್ಟಡದಿಂದ ದೂರ ಒಂದು ಸಸಿ ನೆಟ್ಟು ಕಟ್ಟೆ ಕಟ್ಟಿಸಿ.

ಪ್ರಶ್ನೆ: ನಾನು ಗಾಲಿಕುರ್ಚಿಯಲ್ಲಿ ಓಡಾಡುವವಳು. ಆ ಗೋಡೌನಿಗೆ ನಾಲ್ಕು ಎತ್ತರದ ಮೆಟ್ಟಿಲಿವೆ. ನನ್ನಂಥವರನ್ನು ಯಾರಾದರೂ ನೆನಪಿಟ್ಟುಕೊಳ್ಳುತ್ತಾರಾ?

ಉತ್ತರ: ಅಕ್ಕ, ನೀವು ಬರೆದದ್ದು ಬಹಳ ಒಳ್ಳೆಯದಾಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ, ಸಾರ್ವಜನಿಕ ಕಟ್ಟಡಕ್ಕೆ ಎಲ್ಲರೂ ಹೋಗುವ ಹಾಗೆ ಇರಬೇಕು. ಅದು ಯಾರೋ ಮಾಡುವ ಉಪಕಾರ ಅಲ್ಲ.

ರ‍್ಯಾಂಪಿನ ಲೆಕ್ಕ ಹೀಗೆ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ನಾಲ್ಕು ಎತ್ತರದ ಮೆಟ್ಟಿಲು ಅಂದರೆ ಎರಡು ಅಡಿ ಅಂತ ಹಿಡಿದರೂ ಇಪ್ಪತ್ನಾಲ್ಕು ಅಡಿ ಉದ್ದ ಬೇಕು, ಮಧ್ಯೆ ನಿಂತು ಸುಧಾರಿಸಿಕೊಳ್ಳಲು ಸಮತಟ್ಟು ಜಾಗ ಬೇಕು, ಎರಡೂ ಕಡೆ ಹಿಡಿಕೆ ಬೇಕು. ಎಷ್ಟೋ ಕಡೆ ಮೆಟ್ಟಿಲಿನ ಮೇಲೇ ಕಡಿದಾಗಿ ಸಿಮೆಂಟು ಸುರಿದು ರ‍್ಯಾಂಪು ಅಂದುಬಿಡುತ್ತಾರೆ. ಅದರಲ್ಲಿ ಬೈಕು ಹತ್ತಬಹುದು, ಗಾಲಿಕುರ್ಚಿ ಹತ್ತುವುದಿಲ್ಲ. ನಿಮ್ಮ ಓಣಿಯ ಗೋಡೌನಿಗೆ ಒಂದು ಅನುಕೂಲ ಇರಬಹುದು, ಹಿಂದುಗಡೆ ಗಾಡಿಯಿಂದ ಮಾಲು ಇಳಿಸುತ್ತಿದ್ದ ಕಟ್ಟೆ ಇದ್ದರೆ ಆ ಕಡೆಯಿಂದ ಉದ್ದ ರ‍್ಯಾಂಪು ಎಳೆಯಬಹುದು. ಬಾಗಿಲು ಕನಿಷ್ಠ ಮೂರು ಅಡಿ ಅಗಲ ಇರಲಿ, ಶೌಚಾಲಯದ್ದೂ ಸೇರಿ. ಶೌಚಾಲಯದಲ್ಲಿ ಕುರ್ಚಿ ತಿರುಗಿಸಲು ಐದು ಅಡಿ ಜಾಗ ಬಿಡಿಸಿ. ನಕ್ಷೆ ಬರೆಯುವ ದಿನ ನೀವೇ ಹೋಗಿ ಪಕ್ಕದಲ್ಲಿರಿ. ಆ ದಿನ ನೀವಿಲ್ಲದಿದ್ದರೆ ಇದು ತಪ್ಪಿಹೋಗುತ್ತದೆ.

ಇದರ ಜೊತೆಗೇ ಗುಂಪಿನವರಿಗೆ ಒಂದು ಮಾತು. ಗೋಡೌನಿಗೆ ಸಾಮಾನ್ಯವಾಗಿ ಒಂದೇ ದೊಡ್ಡ ಬಾಗಿಲು ಇರುತ್ತದೆ. ಜನ ಸೇರುವ ಜಾಗಕ್ಕೆ ಎರಡನೇ ಬಾಗಿಲು ಬೇಕೇ ಬೇಕು, ಎರಡೂ ಹೊರಗಡೆಗೆ ತೆರೆಯಬೇಕು. ಬೆಂಕಿ ಬಿದ್ದರೆ, ಗಾಬರಿಯಲ್ಲಿ ನುಗ್ಗಿದರೆ, ಒಳಗಡೆ ತೆರೆಯುವ ಬಾಗಿಲು ತೆರೆಯುವುದೇ ಇಲ್ಲ. ಗೋಡೆ ಕೊರೆಯುವ ಮುಂಚೆ ಮೇಲಿನ ಭಾರಕ್ಕೆ ಆಸರೆ ಕೊಟ್ಟು, ಬಾಗಿಲ ಮೇಲೆ ಬರುವ ಅಡ್ಡ ತೊಲೆ, ಅದೇ ಲಿಂಟಲ್, ಕೂರಿಸಿ ಆಮೇಲೆ ಕೊರೆಸಿ. ಹಳೇ ವೈರಿಂಗ್ ಪೂರ್ತಿ ಕಿತ್ತು ಹೊಸದು ಹಾಕಿಸಿ, ಅದರಲ್ಲಿ ಉಳಿತಾಯ ನೋಡಬೇಡಿ.

ಪ್ರಶ್ನೆ: ಚಿತ್ರದುರ್ಗದಲ್ಲಿ ಕೋಟೆಗೆ ಹತ್ತಿರ ನಮ್ಮ ತಾತನ ಕಾಲದ ಮಾಳಿಗೆ ಮನೆ ಇದೆ. ಅಣ್ಣತಮ್ಮಂದಿರು ಒಪ್ಪಿ ಅದನ್ನು ಊರಿನ ಮಕ್ಕಳ ಓದುವ ಮನೆಯಾಗಿ ಕೊಡಬೇಕು ಅಂತ ಇದ್ದೇವೆ. ಕೋಟೆ ಪಕ್ಕ ಏನೂ ಮುಟ್ಟಬಾರದು ಅಂತಾರೆ, ನಿಜವೇ?

ಉತ್ತರ: ಅರ್ಧ ನಿಜ. ಏಳು ಸುತ್ತಿನ ಕೋಟೆ ಕೇಂದ್ರದ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. 2010ರಲ್ಲಿ ತಿದ್ದುಪಡಿಯಾದ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಪ್ರಕಾರ ರಕ್ಷಿತ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರ ಆಚೆಗಿನ 200 ಮೀಟರ್‌ನಲ್ಲಿ ಅನುಮತಿ ಪಡೆದು ಕಟ್ಟಬಹುದು. ಆದರೆ ಹಳೇ ಮನೆಯ ದುರಸ್ತಿ ಬೇರೆ. ನಿಮ್ಮದು 1992ರ ಜೂನ್‌ಗೆ ಮುಂಚಿನ ಮನೆ ಆದ್ದರಿಂದ 100 ಮೀಟರ್ ಒಳಗಿದ್ದರೂ ದುರಸ್ತಿಗೆ ಅರ್ಜಿ ಹಾಕಬಹುದು. ಅನುಮತಿ ಬರುವ ತನಕ ಕೆಲಸ ಶುರು ಮಾಡಬೇಡಿ. ಮನೆ ಅಷ್ಟು ಹಳೆಯದು ಅಂತ ತೋರಿಸುವ ಕಂದಾಯ ರಸೀದಿ, ಹಳೇ ಫೋಟೋ, ಏನಿದ್ದರೂ ಒಟ್ಟು ಮಾಡಿ.

ಮಾಳಿಗೆ ಮನೆಗೆ ಮಾಡಬೇಕಾದ್ದು ನಿಮ್ಮ ಮನೆಯ ಹಿರಿಯರಿಗೇ ಗೊತ್ತಿರುತ್ತದೆ. ಮಳೆಗಾಲಕ್ಕೆ ಮುಂಚೆ ಮೇಲ್ಮುದ್ದೆಗೆ, ಅಂದರೆ ಮಾಳಿಗೆಯ ಮೇಲಿನ ಮಣ್ಣಿನ ಪದರಕ್ಕೆ, ಹೊಸ ಮಣ್ಣು ಹಾಕಿ ತುಳಿದು, ನೀರು ಹರಿದು ಹೋಗುವ ದೋಣಿ ಬಿಡಿಸಿಡುತ್ತಿದ್ದರಲ್ಲ, ಅದನ್ನು ಬಿಟ್ಟಿದ್ದೇ ಎಷ್ಟೋ ಮನೆ ಬೀಳಲು ಕಾರಣ. ಮಣ್ಣಿನ ಮೇಲೆ ಕಾಂಕ್ರೀಟು ಮಾತ್ರ ಸುರಿಸಬೇಡಿ. ಆ ಭಾರ ಹಳೇ ಜಂತೆಗಳು ತಡೆಯುವುದಿಲ್ಲ. ನಿಮ್ಮ ಅಣ್ಣತಮ್ಮಂದಿರಿಗೆ ನನ್ನ ನಮಸ್ಕಾರ ಹೇಳಿ. ಸೈಟು ಮಾಡಿ ಮಾರಬಹುದಾಗಿದ್ದ ಜಾಗ ಅದು. ಕೊಡುವಾಗ ದಾನಪತ್ರದಲ್ಲಿ "ಮಕ್ಕಳ ಓದಿಗೆ ಮಾತ್ರ" ಅಂತ ವಕೀಲರಿಂದ ಸರಿಯಾಗಿ ಬರೆಸಿ.

ಪ್ರಶ್ನೆ: ನಾನು ಆ ಗೋಡೌನಿನಲ್ಲಿ ಹಮಾಲಿ ಮಾಡಿದವನು. ಹತ್ತಿ ಅಂಡಿಗೆ, ಅದೇ ಬೇಲು, ಹೊತ್ತು ಹೊತ್ತು ಬೆನ್ನು ಹೋಗಿದೆ. ಹುಡುಗರು ಏನೋ ಮಾಡ್ತಿದಾರೆ ಅಂತ ಕೇಳಿದೆ. ಮೊಮ್ಮಗಳ ಕೈಲಿ ಬರೆಸ್ತಾ ಇದ್ದೀನಿ. ನಮಗೆ ಅಲ್ಲಿ ಏನಾದ್ರೂ ಜಾಗ ಇರುತ್ತಾ?

ಉತ್ತರ: ಅಜ್ಜಾರೆ, ನಿಮ್ಮ ಪತ್ರವನ್ನು ಆ ಗುಂಪಿನವರಿಗೆ ನಾನೇ ಕಳಿಸಿದ್ದೇನೆ. ಈ ಭಾನುವಾರ ಅವರು ನಿಮ್ಮ ಮನೆಗೆ ಬರುತ್ತಾರೆ. ಅವರನ್ನು ಕರೆದುಕೊಂಡು ಗೋಡೌನಿನ ಒಳಗೆ ಹೋಗಿ. ಯಾವ ಮೂಲೆ ಮೊದಲು ಸೋರುತ್ತಿತ್ತು, ಯಾವ ಗೋಡೆಗೆ ಅಂಡಿಗೆ ಒರಗಿಸಬೇಡಿ ಅಂತ ಮಾಲೀಕರು ಹೇಳುತ್ತಿದ್ದರು, ಮಳೆ ನೀರು ಯಾವ ಕಡೆಯಿಂದ ನುಗ್ಗುತ್ತಿತ್ತು, ಹಳೇ ಬಾವಿ ಎಲ್ಲಿ ಮುಚ್ಚಿದರು, ಇದೆಲ್ಲ ಯಾವ ಎಂಜಿನಿಯರಿಗೂ ಗೊತ್ತಿಲ್ಲ. ನಿಮಗೆ ಗೊತ್ತು. ನಿಂತು ಹೇಳಲು ಬೆನ್ನು ನೋಯುತ್ತದೆ ಅಂದರೆ ಹುಡುಗರು ಕುರ್ಚಿ ತಂದು ಹಾಲಿನ ನಡುಮಧ್ಯೆ ಹಾಕುತ್ತಾರೆ. ತಾರಸಿಯ ಕೋಣೆಗಳ ಕಡೆ ಮಾತ್ರ ಈಗ ಹೋಗಬೇಡಿ. ಮೊಮ್ಮಗಳಿಗೆ ಒಂದು ನೋಟ್‌ಬುಕ್ ಕೊಟ್ಟು ಜೊತೆಗೆ ಕೂರಿಸಿಕೊಳ್ಳಿ, ನೀವು ಹೇಳಿದ್ದನ್ನೆಲ್ಲ ಅವಳು ಬರೆದುಕೊಳ್ಳಲಿ.